ಬರ್ಗೂರು ಬೆಟ್ಟದ ಅಭಯಾರಣ್ಯ: ಯೋಜನೆ ಬರೆಯುವವರು ಗ್ರಾಮಸಭೆಯನ್ನು ಕೇಳಬೇಕು

ಈರೋಡು ಜಿಲ್ಲೆಯ ಅಂದಿಯೂರು ಮತ್ತು ಗೋಬಿಚೆಟ್ಟಿಪಾಳ್ಯ ತಾಲ್ಲೂಕುಗಳಲ್ಲಿ ಹರಡಿರುವ ಸುಮಾರು 800 ಚದರ ಕಿಲೋಮೀಟರ್ ಕಾಡನ್ನು ತಮಿಳುನಾಡು ಸರ್ಕಾರವು 2024ರ ಜನವರಿಯಲ್ಲಿ ತಂದೈ ಪೆರಿಯಾರ್ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಿತು. ಸತ್ಯಮಂಗಲದ ಹುಲಿ ಕಾಡಿಗೂ ಕರ್ನಾಟಕದ ಮಲೆ ಮಹದೇಶ್ವರ ಮತ್ತು ಕಾವೇರಿ ಅಭಯಾರಣ್ಯಗಳಿಗೂ ನಡುವೆ ಇರುವ ಈ ಬೆಟ್ಟಸಾಲು ಆನೆಗಳ ಹಾದಿ. ಅದನ್ನು ಕಾಪಾಡಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಅದೇ ಬೆಟ್ಟದಲ್ಲಿ ತಲೆತಲಾಂತರದಿಂದ ಕನ್ನಡವಾಡುತ್ತ ಬಂದ ಲಿಂಗಾಯತರೂ ಸೋಲಿಗರೂ ಇದ್ದಾರೆ. 1956ರವರೆಗೆ ಕೊಳ್ಳೇಗಾಲವೂ ಬರ್ಗೂರೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಬರ್ಗೂರು ಮದರಾಸಿನಲ್ಲಿ ಉಳಿಯಿತು.

ಬರ್ಗೂರಿನ ಹೆಸರು ಹೊರಗಿನವರಿಗೆ ತಿಳಿದಿರುವುದು ದನಗಳಿಂದ. ಕಂದು ಮೈಮೇಲೆ ಬಿಳಿ ಮಚ್ಚೆಗಳ ಈ ತಳಿ ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವಂಥದಲ್ಲ. ಕಾಡಿನೊಳಗಿನ ದೊಡ್ಡಿಗಳಲ್ಲಿ ರಾತ್ರಿ ತಂಗಿ, ಹಗಲೆಲ್ಲ ಗುಡ್ಡ ಹತ್ತಿಳಿದು ಮೇಯುವುದರಿಂದಲೇ ಅದರ ಚುರುಕೂ ಕಾಲಿನ ಬಲವೂ ಉಳಿದಿವೆ. ಆಡಿ ತಿಂಗಳಿನ ಅಂದಿಯೂರು ಗುರುನಾಥಸ್ವಾಮಿ ಜಾತ್ರೆಯ ದನದ ಸಂತೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇವಿನ ಕಾಡು ತಪ್ಪಿದರೆ ಈ ತಳಿಯನ್ನು ಸಂಶೋಧನಾ ಕೇಂದ್ರದ ಬೇಲಿಯೊಳಗೆ ಮಾತ್ರ ನೋಡಬೇಕಾದೀತು.

ಈಗಿನ ಆತಂಕದ ಮೂಲವೂ ಇಲ್ಲಿಯೇ ಇದೆ. 2022ರ ಮಾರ್ಚ್‌ನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ತಮಿಳುನಾಡಿನ ಎಲ್ಲ ಕಾಡುಗಳಲ್ಲಿಯೂ ಜಾನುವಾರು ಮೇಯಿಸುವುದನ್ನು ನಿಷೇಧಿಸಿತು. ಅದೇ ತಿಂಗಳಿನಲ್ಲಿ ಆದೇಶವನ್ನು ಸಡಿಲಿಸಿ, ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಬರ್ಗೂರು ಆಗ ಮೀಸಲು ಅರಣ್ಯವಾಗಿದ್ದುದರಿಂದ ನಿಟ್ಟುಸಿರು ಬಿಟ್ಟಿತ್ತು. ಎರಡು ವರ್ಷದೊಳಗೆ ಕಾಡಿನ ಹೆಸರು ಬದಲಾಯಿತು. ಹೆಸರಿನೊಡನೆ ದನಗಾಹಿಯೂ ನಿಷೇಧದ ಗೆರೆಯೊಳಕ್ಕೆ ಬಂದುಬಿಟ್ಟನು. ಮೀಸಲು ಅರಣ್ಯವನ್ನು ಅಭಯಾರಣ್ಯ ಮಾಡುವಾಗ ಹಕ್ಕುಗಳ ವಿಚಾರಣೆ ಹಿಂದೆಯೇ ಮುಗಿದಿದೆ ಎಂದು ವನ್ಯಜೀವಿ ಕಾಯಿದೆ ಭಾವಿಸುತ್ತದೆ. ಹೀಗಾಗಿ ಹೊಸದಾಗಿ ಯಾರನ್ನೂ ಕರೆದು ಕೇಳುವ ಹಂತವೇ ಅಲ್ಲಿಲ್ಲ.

ಘೋಷಣೆಯ ಹಂತದಲ್ಲಿ ಮುಚ್ಚಿದ ಬಾಗಿಲು ನಿರ್ವಹಣೆಯ ಹಂತದಲ್ಲಿ ತೆರೆದಿದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾಯಿದೆಯ 33ನೆಯ ಪ್ರಕರಣದಂತೆ, ಅರಣ್ಯ ಹಕ್ಕು ಕಾಯಿದೆ ಅನ್ವಯಿಸುವ ಅಭಯಾರಣ್ಯಗಳ ನಿರ್ವಹಣಾ ಯೋಜನೆಯನ್ನು ಸಂಬಂಧಪಟ್ಟ ಗ್ರಾಮಸಭೆಯೊಡನೆ ಸಮಾಲೋಚಿಸಿಯೇ ಸಿದ್ಧಪಡಿಸಬೇಕು. ಇದರ ಜೊತೆಗೆ ಶಾಸಕರೂ ಪಂಚಾಯತಿಗಳ ಮೂವರು ಪ್ರತಿನಿಧಿಗಳೂ ಇರುವ ಸಲಹಾ ಸಮಿತಿಯನ್ನು 33-ಬಿ ಪ್ರಕರಣ ವಿಧಿಸುತ್ತದೆ. ಸುತ್ತಲಿನ ಜನರ ಪಾಲ್ಗೊಳ್ಳುವಿಕೆಯೂ ಆ ಸಮಿತಿಯ ಸಲಹೆಯ ವಿಷಯವೆಂದು ಅದರಲ್ಲಿಯೇ ಬರೆದಿದೆ. ಇಂತಹ ಯೋಜನೆ ಸಾಮಾನ್ಯವಾಗಿ ಹತ್ತು ವರ್ಷಗಳದು. ಯಾವ ಹಾದಿಯಲ್ಲಿ ದನ ಇಳಿಯಬಹುದು, ಯಾವ ಕೆರೆ ಆನೆಗೆ ಬಿಟ್ಟದ್ದು, ಕಿರು ಉತ್ಪನ್ನ ಯಾವ ತಿಂಗಳು ಸಂಗ್ರಹಿಸಬಹುದು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ.

ಸಮಾಲೋಚನೆ ಎಂಬ ಪದಕ್ಕೆ ಒಪ್ಪಿಗೆಯ ಬಲವಿಲ್ಲವೆಂಬುದು ನಿಜ. ಇಲಾಖೆ ಕೇಳಿ, ಬರೆದುಕೊಂಡು, ಬದಿಗಿಡಬಹುದು. ಆದ್ದರಿಂದ ಯೋಜನೆಗಿಂತ ಮೊದಲು ಹಕ್ಕು ದಾಖಲಾಗಬೇಕು. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಮೇಯಿಸುವುದು ಸಮುದಾಯದ ಹಕ್ಕು. ಅದರ ಅರಣ್ಯಭೂಮಿಯ ವ್ಯಾಖ್ಯೆಯಲ್ಲಿ ಅಭಯಾರಣ್ಯವೂ ಸೇರಿದೆ. ಸೋಲಿಗರು ಪರಿಶಿಷ್ಟ ಪಂಗಡದವರು. ಅವರಿಗೆ ದಾರಿ ಸ್ವಲ್ಪ ಸುಗಮ. ಲಿಂಗಾಯತ ದನಗಾಹಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಹಳೆಯ ಮೇವಿನ ರಸೀದಿಗಳು, ದೊಡ್ಡಿ ಪರವಾನಗಿಗಳು, ಬರೆಹಕ್ಕಿಳಿಸಿದ ಹಿರಿಯರ ಹೇಳಿಕೆ ಇವೆಲ್ಲ ಸಾಕ್ಷ್ಯವಾಗಬಲ್ಲವು. ಪೆಟ್ಟಿಗೆಯ ತಳದ ಕಾಗದವನ್ನು ಗೆದ್ದಲಿಗೆ ಬಿಡದಿರಲಿ.

ಇನ್ನು ಭಾಷೆ. ಶಾಲೆಯಲ್ಲಿ ತಮಿಳು ಕಲಿತ ನಮ್ಮ ಮಕ್ಕಳು ಇಲಾಖೆಯ ಕರಡನ್ನು ಓದಿಯಾರು. ಕಾಡಿನ ಒಂದೊಂದು ಹಳ್ಳದ ಹೆಸರು ಬಲ್ಲ ಅಜ್ಜ ಓದಲಾರ. 2020ರಲ್ಲಿ ಕೇಂದ್ರದ ಪರಿಸರ ಪರಿಣಾಮ ಅಧಿಸೂಚನೆಯ ಕರಡು ಬಂದಾಗ, ಅದನ್ನು ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸುವಂತೆ ದೆಹಲಿ ಉಚ್ಚ ನ್ಯಾಯಾಲಯ ನಿರ್ದೇಶಿಸಿತ್ತು. ಅಲ್ಲಿ ಸಲ್ಲುವ ತರ್ಕ ಬೆಟ್ಟದ ಯೋಜನೆಗೆ ಸಲ್ಲದೆಂದು ಹೇಳಲು ಕಾರಣ ಕಾಣದು. ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯೂ ನೀಡಿದೆ.

ಗಡಿಯಾಚೆ ಬಾಗಿಲು ತೆರೆದಿದೆಯೆಂಬ ಭ್ರಮೆ ಬೇಡ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಕಾಡಿನಲ್ಲಿ ವಿಷವಿಕ್ಕಿದ ದನದ ಮಾಂಸ ತಿಂದು ತಾಯಿಹುಲಿ, ನಾಲ್ಕು ಮರಿಗಳು ಸತ್ತವು. ಬಳಿಕ ಕರ್ನಾಟಕದ ಅರಣ್ಯ ಸಚಿವರೂ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಲು ಸೂಚಿಸಿದರು. ಆ ಕೃತ್ಯವನ್ನು ಸಮರ್ಥಿಸುವ ಮಾತು ನಮ್ಮಲ್ಲಿಲ್ಲ. ಹುಲಿ ಹಿಡಿದ ಹಸುವಿಗೆ ಪರಿಹಾರ ಎಷ್ಟು ದಿನದಲ್ಲಿ, ಯಾರ ಕೈಯಿಂದ ಸಿಗಬೇಕೆಂಬುದೂ ಬರ್ಗೂರಿನ ಯೋಜನೆಯಲ್ಲಿ ಬರೆದಿರಬೇಕಾದ ಸಂಗತಿ.

ತಮಿಳುನಾಡಿನಲ್ಲಿ ಗ್ರಾಮಸಭೆಗಳು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮುಂತಾದ ದಿನಗಳಲ್ಲಿ ಸೇರುತ್ತವೆ. ಬರಲಿರುವ ಸಭೆಯಲ್ಲಿ ಮೂರು ಠರಾವುಗಳು ಬರೆಹದಲ್ಲಿ ದಾಖಲಾಗಲಿ: ಯೋಜನೆಯ ಕರಡು ಕನ್ನಡದಲ್ಲಿಯೂ ಬೇಕು, ಸಲಹಾ ಸಮಿತಿಯಲ್ಲಿ ಬೆಟ್ಟದ ಪ್ರತಿನಿಧಿ ಇರಬೇಕು, ಮೇವಿನ ಸಮುದಾಯ ಹಕ್ಕಿನ ಅರ್ಜಿ ಇತ್ಯರ್ಥವಾಗುವವರೆಗೆ ದೊಡ್ಡಿಗಳನ್ನು ತೆರವುಗೊಳಿಸಬಾರದು. ಠರಾವಿನ ಪ್ರತಿಯನ್ನು ಸಹಿ, ಮೊಹರಿನೊಡನೆ ಅಂದೇ ಪಡೆದುಕೊಳ್ಳಿರಿ.