ಕೊಬ್ಬಿದ ಕರುವಿನ ನಾಣ್ಯ

1689ರಲ್ಲಿ ಜಾನ್ ಪೆಲ್ ಎಂಬ ಜಮೀನುದಾರನು ನ್ಯೂಯಾರ್ಕ್ ಪ್ರಾಂತದ ತನ್ನ ಭೂಮಿಯಲ್ಲಿ ಆರು ಸಾವಿರ ಎಕರೆಯನ್ನು ಹ್ಯೂಗೆನಾಟರಿಗೆ ಮಾರಿದನು. ಮತಪೀಡನೆಯನ್ನು ತಾಳಲಾರದೆ ಫ್ರಾನ್ಸನ್ನು ತೊರೆದು ಬಂದಿದ್ದ ಜನ ಅವರು. ಕ್ರಯಪತ್ರದಲ್ಲಿ ಹಣದ ಮಾತಿನ ಜೊತೆಗೆ ಇನ್ನೊಂದು ಕರಾರೂ ಇದ್ದಿತು: ಪ್ರತಿ ವರ್ಷ ಜೂನ್ 24ರಂದು, ಕೇಳಿದಲ್ಲಿ, ಒಂದು ಕೊಬ್ಬಿದ ಕರುವನ್ನು ಪೆಲ್ಲನಿಗೂ ಅವನ ವಾರಸುದಾರರಿಗೂ ಎಂದೆಂದಿಗೂ ಒಪ್ಪಿಸತಕ್ಕದ್ದು. ಬಂದವರು ತಾವು ಬಿಟ್ಟುಬಂದ ಲಾ ರೋಷೆಲ್ ಪಟ್ಟಣದ ನೆನಪಿಗೆ ಹೊಸ ನೆಲವನ್ನು ನ್ಯೂ ರೋಷೆಲ್ ಎಂದು ಕರೆದರು. ಊರಿಗೆ ಇನ್ನೂರೈವತ್ತು ವರ್ಷ ತುಂಬಿದ 1938ರ ಹೆಸರಿನಲ್ಲಿ ಅಮೆರಿಕದ ಟಂಕಸಾಲೆಯು ಬೆಳ್ಳಿಯ ಅರ್ಧ ಡಾಲರೊಂದನ್ನು ಟಂಕಿಸಿತು. ಗರ್ಟ್ರೂಡ್ ಲೇಥ್ರಪ್ ಎಂಬ ಶಿಲ್ಪಿ ಅದರ ಮೇಲೆ ರಾಜನನ್ನಾಗಲಿ ಹಡಗನ್ನಾಗಲಿ ಕೆತ್ತಲಿಲ್ಲ. ಉದ್ದ ಅಂಗಿಯ ಪೆಲ್ಲನನ್ನೂ ಹಗ್ಗ ಜಗ್ಗಿ ಕೊಸರಾಡುವ ಕರುವನ್ನೂ ಕೆತ್ತಿದಳು. ಗೇಣಿ ಅಳೆದು ಗೊತ್ತಿರುವ ಯಾವ ಒಕ್ಕಲಿಗೂ ಈ ಚಿತ್ರಕ್ಕೆ ವಿವರಣೆ ಬೇಕಾಗದು.

ಇಂಥ ಸ್ಮಾರಕ ನಾಣ್ಯಗಳ ಪರಂಪರೆ 1892ರಲ್ಲಿ ಕೊಲಂಬಸನ ಮುಖದೊಡನೆ ಆರಂಭವಾಗಿ, ನಡುನಡುವೆ ನಿಂತು, 1954ರವರೆಗೆ ನಡೆಯಿತು. ತೂಕ ಹನ್ನೆರಡೂವರೆ ಗ್ರಾಂ, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಇವುಗಳಲ್ಲಿ ವಸಾಹತು ಕಾಲದ ಪ್ರಾಂತಗಳ ನೆನಪಿನವು ಸಂಗ್ರಾಹಕರಿಗೆ ಬಲು ಪ್ರಿಯವಾದ ಗುಂಪು: 1920ರ ಪಿಲ್‌ಗ್ರಿಮರ ನಾಣ್ಯ, 1934ರ ಮೇರಿಲ್ಯಾಂಡ್, 1935ರ ಕನೆಕ್ಟಿಕಟ್, 1936ರ ರೋಡ್ ಐಲೆಂಡ್, ಲಾಂಗ್ ಐಲೆಂಡ್, ಡೆಲವೇರ್, 1937ರ ರೋವನೋಕ್. ಕಾಲಗಣನೆಯಲ್ಲಿ ಡೆಲವೇರಿನದು ವಿಚಿತ್ರ. ನಾಣ್ಯದ ಮೇಲಿನ ವರ್ಷ 1936, ಅಚ್ಚು ಬಿದ್ದದ್ದು 1937ರಲ್ಲಿ, ಉತ್ಸವ ನಡೆದದ್ದು 1938ರಲ್ಲಿ. 1638ರಲ್ಲಿ ಅಲ್ಲಿಗೆ ಬಂದಿಳಿದವರು ಸ್ವೀಡನ್ನಿನವರಾದುದರಿಂದ ಆ ದೇಶವೂ ಅದೇ ನೆನಪಿಗೆ ಎರಡು ಕ್ರೋನರ್ ಬೆಳ್ಳಿ ನಾಣ್ಯವನ್ನು ಹೊರಡಿಸಿತು.

ಇವು ಹೊರಬರುತ್ತಿದ್ದ ಬಗೆಯಲ್ಲೇ ಇವುಗಳ ಪಾಡು ಅಡಗಿತ್ತು. ಕಾಂಗ್ರೆಸ್ಸು ಕಾನೂನು ಮಾಡುವುದು. ಊರಿನ ಉತ್ಸವ ಸಮಿತಿ ಟಂಕಸಾಲೆಯಿಂದ ಅರ್ಧ ಡಾಲರನ್ನು ಅರ್ಧ ಡಾಲರಿಗೇ ಪಡೆಯುವುದು. ಅದನ್ನು ಒಂದಕ್ಕೋ ಎರಡಕ್ಕೋ ಮಾರಿ ಉತ್ಸವದ ವೆಚ್ಚ ಹೊಂದಿಸುವುದು. ಲಾಭ ಕಂಡಲ್ಲಿ ಉತ್ಸವ ನೆಪವಾಯಿತು. ಡೇನಿಯಲ್ ಬೂನನ ಇನ್ನೂರನೆಯ ಜನ್ಮವರ್ಷದ ನಾಣ್ಯವು ಐದು ವರ್ಷಗಳ ಕಾಲ ಮತ್ತೆ ಮತ್ತೆ ಬಂದಿತು. 1935ರಲ್ಲಿ ಅದರ ಮೇಲೆ 1934 ಎಂಬ ಸಣ್ಣ ಅಂಕಿಯನ್ನು ಸೇರಿಸಿ ಡೆನ್ವರಿನಲ್ಲಿ 2,003, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2,004 ಮಾತ್ರ ಟಂಕಿಸಲಾಯಿತು. ಹಣ ಕಳುಹಿಸಿದ ಬಹುಮಂದಿಗೆ ಮುಗಿದುಹೋಗಿದೆ ಎಂಬ ಉತ್ತರ ಬಂದಿತು. ಅತ್ತ ಮಾರುಕಟ್ಟೆಯಲ್ಲಿ ಅದರ ಬೆಲೆ ಹಲವು ಪಟ್ಟು ಏರಿತ್ತು. ಕಡೆಗೆ 1939ರಲ್ಲಿ ಕಾಂಗ್ರೆಸ್ಸು ಹಳೆಯ ಅನುಮತಿಗಳನ್ನೆಲ್ಲ ನಿಲ್ಲಿಸಿತು. ನಿಲ್ಲಿಸಿದ್ದು ತಡವಾಯಿತು ಎನ್ನಬೇಕು.

ಇಂದು ಈ ನಾಣ್ಯಗಳನ್ನು ಕೊಳ್ಳುವವರು ಮೊದಲು ಕೇಳುವುದು ದರ್ಜೆಯನ್ನು. ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಮಾನವೇ ಈಗ ಎಲ್ಲ ಲೋಹಕ್ಕೂ ಅನ್ವಯಿಸುತ್ತದೆ. 60ರಿಂದ ಮೇಲಿನವು ಚಲಾವಣೆಗೆ ಹೋಗದವು. 66, 67 ಎಂದರೆ ಹಿರಿದರ್ಜೆ. 1980ರ ದಶಕದ ನಡುವಿನಿಂದ ಖಾಸಗಿ ಸಂಸ್ಥೆಗಳು ಹಣ ಪಡೆದು ಪರೀಕ್ಷಿಸಿ, ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಅಂಕವನ್ನು ಬರೆದು ಕೊಡುತ್ತವೆ. ಪರೀಕ್ಷಕನು ನೋಡುವುದು ಅಚ್ಚಿನ ಗಡಸು, ಮೈಯ ಹೊಳಪು, ಗೀರುಗಳ ಸಂಖ್ಯೆ ಮತ್ತು ಒಟ್ಟು ಅಂದ. ಯಂತ್ರದಿಂದ ತೊಟ್ಟಿಗೆ, ತೊಟ್ಟಿಯಿಂದ ಚೀಲಕ್ಕೆ ಬೀಳುವಾಗ ನಾಣ್ಯಗಳು ಒಂದಕ್ಕೊಂದು ತಾಗುತ್ತವೆ. ಆದುದರಿಂದ ನುಣುಪಾದ ಉಬ್ಬು ಹೆಚ್ಚಿರುವ ಚಿತ್ರಕ್ಕೆ ಪೆಟ್ಟೂ ಹೆಚ್ಚು. ಲಾಂಗ್ ಐಲೆಂಡ್ ನಾಣ್ಯ ಎಂಬತ್ತು ಸಾವಿರಕ್ಕೂ ಮಿಕ್ಕಿ ಉಳಿದಿದೆ. ಆದರೂ ಮುಂಬದಿಯಲ್ಲಿರುವ ಡಚ್ಚನ ಕೆನ್ನೆ ಗಾಯವಿಲ್ಲದೆ ದೊರೆಯುವುದು ವಿರಳ. ಕನೆಕ್ಟಿಕಟ್ಟಿನ ಹದ್ದಿಗೂ ಇದೇ ಕಷ್ಟ.

ಹೊಳಪು ಎಂಬುದು ಬರಿಯ ಬೆಳಗಲ್ಲ. ಅಚ್ಚಿನ ಒತ್ತಡಕ್ಕೆ ಲೋಹ ಹರಿದಾಗ ಮೈಮೇಲೆ ಕಣ್ಣಿಗೆ ಕಾಣದಷ್ಟು ನವಿರಾದ ಗೆರೆಗಳು ಮೂಡುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು ಚಕ್ರದಂತೆ ತಿರುಗುತ್ತದೆ. ತೊಳೆದರೆ, ಉಜ್ಜಿದರೆ ಅವು ಹೋದವು, ಮರಳಿ ಬಾರವು. ಹಬ್ಬದ ಹಿಂದಿನ ದಿನ ಬೆಳ್ಳಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವ ಕನ್ನಡ ಮನೆಗಳ ರೂಢಿ ನಾಣ್ಯಸಂಗ್ರಹದಲ್ಲಿ ಸಲ್ಲದು. ಅಲ್ಲಿ ಕಪ್ಪಿಗೂ ಮರ್ಯಾದೆಯುಂಟು: ಸಮಿತಿಗಳು ನಾಣ್ಯವನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದ ರಟ್ಟಿನ ಹೊದಿಕೆಯ ಗಂಧಕವು ದಶಕಗಳ ಕಾಲ ಬೆಳ್ಳಿಗೆ ತಾಗಿ ಅಂಚಿನಲ್ಲಿ ಹೊನ್ನು, ನಸುಗೆಂಪು, ನೀಲಿ ಬಳೆಗಳನ್ನು ಬರೆದಿದೆ. ಈ ಬಣ್ಣಕ್ಕೆ ಬೆಲೆ ಬಂದ ಮೇಲೆ ಕಾವು ಕೊಟ್ಟು, ರಾಸಾಯನಿಕ ಸವರಿ ಅದನ್ನು ಒಂದೇ ದಿನದಲ್ಲಿ ಬರಿಸುವವರೂ ಹುಟ್ಟಿಕೊಂಡರು. ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟರೆ ಇನ್ನೊಂದು ಅಪಾಯ, ಹಸಿರು ಅಂಟು ಮೈಗೆ ಹತ್ತುತ್ತದೆ.

ಇಷ್ಟೆಲ್ಲ ನಿಷ್ಠೆಯಿಂದ ಅಳೆಯುವ ಅಂಕ ಅಳೆಯುವುದು ನಾಣ್ಯದ ಚರ್ಮವನ್ನು. ಅದರ ಮೇಲೆ ಹೇಳಿದ ಚರಿತ್ರೆ ಎಷ್ಟು ನಿಜ ಎಂಬುದಕ್ಕೆ ದರ್ಜೆ ಕೊಡುವ ಸಂಸ್ಥೆ ಇಲ್ಲ. 1924ರ ಹ್ಯೂಗೆನಾಟ್-ವಲೂನ್ ನಾಣ್ಯದ ಮೇಲಿರುವವರು ಫ್ರಾನ್ಸಿನ ಸೇನಾಧಿಪತಿ ಕೊಲಿನ್ಯಿ ಮತ್ತು ನೆದರ್ಲೆಂಡ್ಸಿನ ವಿಲಿಯಂ. ಒಬ್ಬನು ಸತ್ತದ್ದು 1572ರಲ್ಲಿ, ಇನ್ನೊಬ್ಬನು 1584ರಲ್ಲಿ. ನಾಣ್ಯ ನೆನೆಯುವ ವಲಸೆ ನಡೆದದ್ದು 1624ರಲ್ಲಿ. ಮತಕ್ಕಾಗಿ ಪ್ರಾಣ ಕೊಟ್ಟವರನ್ನು ಊರು ಕಟ್ಟಿದವರ ಸ್ಥಾನದಲ್ಲಿ ಕೂರಿಸಿದ್ದಕ್ಕೆ ಆಗಲೇ ಆಕ್ಷೇಪ ಕೇಳಿಬಂದಿತ್ತು.

ರೋಡ್ ಐಲೆಂಡಿನ ನಾಣ್ಯ ಇನ್ನೂ ಆಳಕ್ಕೆ ಒಯ್ಯುತ್ತದೆ. ಮ್ಯಾಸಚೂಸೆಟ್ಸ್ ಬೇ ವಸಾಹತಿನವರು ತಮ್ಮ ಮತಕ್ಕೆ ಒಪ್ಪದ ಮಾತನಾಡಿದನೆಂದು ರೋಜರ್ ವಿಲಿಯಮ್ಸನಿಗೆ 1635ರಲ್ಲಿ ಗಡೀಪಾರಿನ ಶಿಕ್ಷೆ ವಿಧಿಸಿದರು. ಮರುವರ್ಷ ಅವನು ನ್ಯಾರಗ್ಯಾನ್ಸೆಟ್ ಜನರ ನೆಲಕ್ಕೆ ಬಂದು, ಅವರ ನಾಯಕರಿಂದ ಜಾಗ ಪಡೆದು, ಪ್ರಾವಿಡೆನ್ಸ್ ಊರನ್ನು ಕಟ್ಟಿದನು. ನಾಣ್ಯದಲ್ಲಿ ಅವನು ದೋಣಿಯಿಂದ ಕೈಯೆತ್ತಿದ್ದಾನೆ. ದಡದ ಬಂಡೆಯ ಮೇಲೆ ಆ ನೆಲದವನೊಬ್ಬನು ಸ್ವಾಗತಿಸುತ್ತಾನೆ. ವಿಲಿಯಮ್ಸನ ಹೆಸರಾಗಲಿ ಪ್ರಾವಿಡೆನ್ಸಿನ ಹೆಸರಾಗಲಿ ಎಲ್ಲಿಯೂ ಇಲ್ಲ. ಸ್ವಾಗತಿಸಿದವನ ಜನದ ಹೆಸರಂತೂ ಇಲ್ಲವೇ ಇಲ್ಲ. 1675ರ ಡಿಸೆಂಬರಿನಲ್ಲಿ ವಸಾಹತುಗಳ ಸೇನೆ ಜೌಗುನೆಲದ ನಡುವಿನ ನ್ಯಾರಗ್ಯಾನ್ಸೆಟರ ಕೋಟೆಗೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದು ಬೆಂಕಿಯಿಟ್ಟಿತು. ಮುಂದಿನ ಮಾರ್ಚಿಯಲ್ಲಿ ಪ್ರಾವಿಡೆನ್ಸೂ ಉರಿಯಿತು. ಮುದುಕನಾಗಿದ್ದ ವಿಲಿಯಮ್ಸನು ಅದನ್ನು ಕಣ್ಣಾರೆ ಕಂಡನು. ಬಂಡೆಯ ಮೇಲಿನ ಆ ಎತ್ತಿದ ಕೈ 67ರ ದರ್ಜೆಯಲ್ಲಿ ಒಂದು ಗೀರೂ ಇಲ್ಲದೆ ಹೊಳೆಯುತ್ತದೆ. ಚಿತ್ರವನ್ನು ಓದದೆ ಅಂಕವನ್ನು ಮಾತ್ರ ಕೊಂಡವನ ಕೈಗೆ ಬರುವುದು ಹನ್ನೆರಡೂವರೆ ಗ್ರಾಂ ಲೋಹವೇ ಸರಿ.

ಪಿಲ್‌ಗ್ರಿಮರ ನಾಣ್ಯದ ಕಥೆ ಬೇರೆ. 1920ರಲ್ಲಿ ಎರಡು ಲಕ್ಷ ಟಂಕಿಸಿದರು. ಮರುವರ್ಷ 1921 ಎಂಬ ಅಂಕಿ ಸೇರಿಸಿ ಇನ್ನೊಂದು ಲಕ್ಷ. ಆ ವೇಳೆಗೆ ಕೊಳ್ಳುವವರ ಉತ್ಸಾಹ ಇಳಿದಿತ್ತು. ಎರಡನೆಯ ಕಂತಿನ ಎಂಬತ್ತು ಸಾವಿರ ನಾಣ್ಯಗಳು ಟಂಕಸಾಲೆಗೆ ಮರಳಿ ಕರಗಿಹೋದವು. ಉಳಿದ ಇಪ್ಪತ್ತು ಸಾವಿರಕ್ಕೆ ಬೆಲೆ ಬಂದದ್ದು ಆ ಕುಲುಮೆಯಿಂದಲೇ. ಮೊದಲ ಕಂತಿನ ಕೆಲವು ಮಾತ್ರ ಮೂರನೆಯ ದಾರಿ ಹಿಡಿದವು. 1930ರ ದಶಕದ ಬಡತನದಲ್ಲಿ, ನೆನಪಿಗೆಂದು ಒಂದು ಡಾಲರು ಕೊಟ್ಟು ತಂದಿದ್ದವರು ಅದನ್ನು ಅರ್ಧ ಡಾಲರಿಗೇ ಅಂಗಡಿಯ ಗಲ್ಲಾಕ್ಕೆ ಹಾಕಿದರು. ಗವರ್ನರ್ ಬ್ರ್ಯಾಡ್‌ಫರ್ಡನ ಕೆನ್ನೆ, ಟೋಪಿಯ ಅಂಚು ನುಣ್ಣಗೆ ಸವೆದ ಅಂಥ ನಾಣ್ಯಗಳು ಈಗಲೂ ಸಿಗುತ್ತವೆ. ಅವುಗಳಿಗೆ 45ರ ಅಂಕವೋ 50ರ ಅಂಕವೋ ಬೀಳುತ್ತದೆ. ಸಂಗ್ರಾಹಕರು ಅವನ್ನು ದಾಟಿ ಪಕ್ಕದ ತಟ್ಟೆಗೆ ಕೈ ಚಾಚುತ್ತಾರೆ.