ದಂತಪಂಕ್ತಿಯೂ ಮುಖಶೋಭೆಯೂ

ಹಿಂದಿನ ಸಂಚಿಕೆಯು ವಾಚಕರ ಕೈಸೇರಿದ ವಾರದಲ್ಲಿಯೇ ನಮ್ಮ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯವು ಹುಟ್ಟಿಕೊಂಡಿತು. ಓದಿಗೆಂದು ತಂದೆತಾಯಿಗಳೊಡನೆ ನಮ್ಮಲ್ಲಿಯೇ ಇರುವ ನನ್ನ ಅಕ್ಕನ ಮೊಮ್ಮಗಳಿಗೆ ಈಗ 13 ವರ್ಷ. ಹುಡುಗಿ ಜಾಣೆ, ಕಂಠವೂ ಇಂಪಾದುದು. ಆದರೆ ಮೇಲಿನ ಸಾಲಿನ ಮುಂದಣ ಹಲ್ಲುಗಳು ತುಟಿಯನ್ನು ಮೀರಿ ಮುಂದಕ್ಕೆ ಬಂದಿವೆ. ಅವಕ್ಕೆ ತಂತಿಯ ಕ್ಲಿಪ್ಪು ಹಾಕಿಸಲೇಬೇಕೆಂದು ತಾಯಿಯ ಹಟ, “ನಾಳೆ ಹೆಣ್ಣು ನೋಡಲು ಬಂದವರು ಮೊದಲು ನೋಡುವುದೇನನ್ನು?” ಎಂಬುದು ಆಕೆಯ ವಾದ. “ದೇವರು ಕೊಟ್ಟ ಮುಖವನ್ನು ದುಡ್ಡು ಕೊಟ್ಟು ತಿದ್ದಿಸುವುದು ಬರಿಯ ಶೋಕಿ” ಎಂಬುದು ತಂದೆಯ ವಾದ. ಇಬ್ಬರೂ ಸೇರಿ ನನ್ನನ್ನು ನ್ಯಾಯಾಧಿಪತಿಯ ಪೀಠದಲ್ಲಿ ಕುಳ್ಳಿರಿಸಿದರು. ಹುಡುಗಿಯನ್ನು ಮಾತ್ರ ಯಾರೂ ಏನನ್ನೂ ಕೇಳಲಿಲ್ಲ. ಅವಳು ಬಾಗಿಲ ಮರೆಯಲ್ಲಿ, ಅಂಗೈಯಿಂದ ಬಾಯನ್ನು ಮುಚ್ಚಿಕೊಂಡು ನಿಂತಿದ್ದಳು.

ಹಾಗೆ ಬಾಯನ್ನು ಮುಚ್ಚಿದ ಅಂಗೈಯನ್ನು ನಾನು ಹಿಂದೆಯೂ ಒಮ್ಮೆ ಕಂಡಿದ್ದೆನು. ಸುಮಾರು 30 ವರ್ಷಗಳ ಕೆಳಗೆ, ಪಾಠಶಾಲೆಯಲ್ಲಿ ತದ್ಧಿತಪ್ರಕರಣವನ್ನು ಬೋಧಿಸುತ್ತಿರುವಾಗ, ‘ದಂತುರ’ ಎಂಬ ಶಬ್ದವು ಬಂದಿತು. ಹಲ್ಲು ಉಬ್ಬಿದವನು ಎಂದು ಅದರ ಅರ್ಥ. ಈ ಒಂದು ಶಬ್ದದ ಸಿದ್ಧಿಗಾಗಿಯೇ ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾನೆ. ನಾನು ಉತ್ಸಾಹದಿಂದ ಅರ್ಥವನ್ನು ವಿವರಿಸಿದೆನು. ತರಗತಿಯ ಕಣ್ಣುಗಳೆಲ್ಲ ಒಟ್ಟಿಗೆ ಎರಡನೆಯ ಸಾಲಿನ ಒಬ್ಬ ಹುಡುಗಿಯತ್ತ ತಿರುಗಿದವು. ಯಾರೋ ಕಿಸಕ್ಕನೆ ನಕ್ಕರು. ಗದರಿಸಬೇಕಾಗಿದ್ದ ನಾನು ಗದರಿಸಲಿಲ್ಲ. ಅಷ್ಟೇ ಅಲ್ಲ, ನನ್ನ ಮುಖದ ಮೇಲೆಯೂ ಒಂದು ಮುಗುಳ್ನಗೆ ಸುಳಿದಿತ್ತು. ಅಂದಿನಿಂದ ಆ ಹುಡುಗಿಗೆ ಅದೇ ಹೆಸರಾಯಿತು. ಶ್ಲೋಕವನ್ನು ಒಪ್ಪಿಸಲು ಎದ್ದು ನಿಂತಾಗಲೆಲ್ಲ ಆಕೆಯ ಕೈ ತಾನಾಗಿ ಬಾಯಿಗೆ ಹೋಗುತ್ತಿದ್ದಿತು. ಕೆಲವು ದಿನಗಳಲ್ಲಿ ಶ್ಲೋಕ ಹೇಳುವುದನ್ನೇ ಆಕೆ ಬಿಟ್ಟುಬಿಟ್ಟಳು.

ಆದಕಾರಣ ಈ ಸಲ ತಿಳಿಯದ ಶಾಸ್ತ್ರದಲ್ಲಿ ತೀರ್ಪು ಕೊಡುವ ದುಡುಕನ್ನು ಬಿಟ್ಟು, ಹುಡುಗಿಯನ್ನೂ ತಂದೆತಾಯಿಗಳನ್ನೂ ಕರೆದುಕೊಂಡು ದಂತವೈದ್ಯರಲ್ಲಿಗೆ ಹೋದೆನು. ಕೆಲವು ಗ್ರಂಥಗಳನ್ನೂ ತಿರುವಿಹಾಕಿದೆನು. ತಿಳಿದುಬಂದುದನ್ನು ವಾಚಕರ ಮುಂದಿಡುತ್ತೇನೆ.

ಈ ಶಾಸ್ತ್ರಕ್ಕೆ ಆರ್ಥೊಡಾಂಟಿಕ್ಸ್ ಎಂದು ಹೆಸರು. ‘ಆರ್ಥೋಸ್’ ಎಂದರೆ ಗ್ರೀಕಿನಲ್ಲಿ ನೆಟ್ಟಗಿರುವುದು. ‘ಒದೊಂತ್’ ಎಂಬುದು ನಮ್ಮ ‘ದಂತ’ ಶಬ್ದದ ಒಡಹುಟ್ಟು. ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ದವಡೆಯಲ್ಲಿ ಅಲುಗದೆ ನಿಂತಿರುತ್ತದೆಂದು ನಾವು ಭಾವಿಸುವೆವಷ್ಟೆ. ವಾಸ್ತವವಾಗಿ ಬೇರಿಗೂ ಎಲುಬಿಗೂ ನಡುವೆ ನವಿರಾದ ನಾರುಗಳ ಒಂದು ಪೊರೆಯುಂಟು. ತಂತಿಯು ಹಲ್ಲನ್ನು ಮೆಲ್ಲನೆ ಒತ್ತಿದಾಗ, ಒತ್ತಡ ಬಿದ್ದ ಪಕ್ಕದಲ್ಲಿ ಎಲುಬು ಕರಗುತ್ತದೆ. ಎಳೆತ ಬಿದ್ದ ಪಕ್ಕದಲ್ಲಿ ಹೊಸ ಎಲುಬು ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಷ್ಟು ನಡೆಯುತ್ತದೆ. ಆದುದರಿಂದಲೇ ಈ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಎರಡು ವರ್ಷಗಳು ಹಿಡಿಯುವುವು. ಬಲವನ್ನು ಹೆಚ್ಚಿಸಿ ಅವಸರಪಡಿಸಿದರೆ ಬೇರಿಗೇ ಕೇಡು.

ಇನ್ನು ಮುಖದ ವಿಷಯ. ತುಟಿಗಳಿಗೆ ಹಿಂದಿನಿಂದ ಆಸರೆಯಾಗಿರುವುವು ಮುಂದಣ ಹಲ್ಲುಗಳು. ಹಲ್ಲು ಹಿಂದಕ್ಕೆ ಸರಿದರೆ ತುಟಿಯೂ ಕೊಂಚ ಹಿಂದಕ್ಕೆ ಸರಿಯುತ್ತದೆ. ಆದರೆ ಹಲ್ಲು ಸರಿದಷ್ಟು ತುಟಿ ಸರಿಯದು, ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿಯೂ ಸರಿಯದು. ಹಿಂದೆ ಪ್ರಯಾಸದಿಂದ ಕೂಡುತ್ತಿದ್ದ ತುಟಿಗಳು ಸಹಜವಾಗಿ ಕೂಡುವುವು. ಗಲ್ಲದ ಬಿಗಿತ ಸಡಿಲುವುದು. ನಗೆಯ ಆಕಾರ ಬದಲಾಗುವುದು. ಇಷ್ಟೇ ಇದರ ಮೇರೆ. ಮೂಗು, ಕಣ್ಣು, ಕೆನ್ನೆಯ ಎಲುಬುಗಳು ಇದ್ದಂತೆಯೇ ಇರುವುವು. ಬೆಳೆಯುವ ಮಕ್ಕಳಲ್ಲಿ ದವಡೆಯ ಹೊಂದಿಕೆಗೆ ಕೆಲವು ಉಪಕರಣಗಳಿಂದ ಅಲ್ಪಸ್ವಲ್ಪ ನೆರವಾಗಬಹುದು. ಬೆಳವಣಿಗೆ ಮುಗಿದವರಲ್ಲಿ ದವಡೆಯೇ ಹೆಚ್ಚುಕಡಮೆಯಾಗಿದ್ದರೆ ತಂತಿಯೊಂದರಿಂದಲೇ ಆ ದೋಷವು ನೀಗದು, ಶಸ್ತ್ರಚಿಕಿತ್ಸೆ ಬೇಕಾಗುವುದು.

ಇಲ್ಲಿ ಒಂದು ಭ್ರಾಂತಿಯನ್ನು ಹೇಳಲೇಬೇಕು. ಚಿಕಿತ್ಸೆಗೆ ಮುಂಚಿನ ಚಿತ್ರವನ್ನೂ ಅನಂತರದ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು, “ಮುಖವೇ ಬದಲಾಯಿತು!” ಎಂದು ಬೆರಗಾಗುವವರುಂಟು. 12ನೆಯ ವಯಸ್ಸಿನ ಮುಖವು 15ರಲ್ಲಿ ತಂತಿಯಿಲ್ಲದೆಯೂ ಬದಲಾಗುತ್ತದೆ. ಮೂಗು ಬೆಳೆಯುತ್ತದೆ, ಗಲ್ಲ ಮುಂದಕ್ಕೆ ಬರುತ್ತದೆ, ಕೆನ್ನೆಯ ಎಳೆತನ ಕರಗುತ್ತದೆ. ಕಾಲಪುರುಷನು ಮಾಡಿದ ಕೆಲಸದ ಕೀರ್ತಿಯನ್ನು ತಂತಿಗೆ ಕಟ್ಟುವುದು ನ್ಯಾಯವಲ್ಲ.

ಈ ವಿದ್ಯೆಯ ಇತಿಹಾಸವೂ ಬೋಧಪ್ರದವಾಗಿದೆ. ಅಮೆರಿಕಾ ದೇಶದ ಎಡ್ವರ್ಡ್ ಏಂಗಲ್ (1855–1930) ಎಂಬ ದಂತವೈದ್ಯನು 1899ರಲ್ಲಿ ಹಲ್ಲುಗಳ ಹೊಂದಿಕೆಯ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಇಂದಿಗೂ ಆ ವಿಂಗಡಣೆ ಬಳಕೆಯಲ್ಲಿದೆ. ವ್ಯಾಟಿಕನ್ನಿನಲ್ಲಿರುವ ಅಪೋಲೋ ದೇವನ ಶಿಲಾಪ್ರತಿಮೆಯನ್ನು ಆತನು ಮುಖಸೌಂದರ್ಯಕ್ಕೆ ಆದರ್ಶವಾಗಿ ಹಿಡಿದನು. ಒಂದು ಹಲ್ಲನ್ನೂ ಕೀಳದೆ ಸಾಲನ್ನು ಸರಿಪಡಿಸಿದರೆ ಮುಖವು ತಾನಾಗಿ ಒಪ್ಪುವುದೆಂದು ಆತನ ಸಿದ್ಧಾಂತ. ಆತನ ಶಿಷ್ಯನಾದ ಚಾರ್ಲ್ಸ್ ಟ್ವೀಡನು ಹಾಗೆಯೇ ಮಾಡಿ ನೋಡಿದನು. ಅನೇಕರ ತುಟಿಗಳು ಮುಂದಕ್ಕೆ ಉಬ್ಬಿ ನಿಂತುವು. 1940ರ ಸುಮಾರಿಗೆ ಆತನು ಅಂಥವರಲ್ಲಿ ನಾಲ್ಕು ಹಲ್ಲುಗಳನ್ನು ತೆಗೆದು, ಮರಳಿ ಚಿಕಿತ್ಸೆ ಮಾಡಿ ತೋರಿಸಿ, ಗುರುವಿನ ಮತವನ್ನು ತಿದ್ದಿದನು. ಹಲ್ಲು ಕೀಳಬೇಕೆ ಬೇಡವೆ ಎಂಬ ವಾದವು ಇಂದಿಗೂ ಪೂರ್ತಿ ಅಡಗಿಲ್ಲ. ತುಂಬಿದ ತುಟಿಯವರಿಗೆ ಒಪ್ಪುವುದು ಚಪ್ಪಟೆ ಮುಖದವರಿಗೆ ಒಪ್ಪದಿರಬಹುದು. ಬುದ್ಧಿವಂತನಾದ ವೈದ್ಯನು ಸಾಲನ್ನು ಮಾತ್ರ ನೋಡದೆ ಮುಖವನ್ನೂ ನೋಡಿ ನಿರ್ಣಯಿಸುತ್ತಾನೆ.

ಶಿಲೆಯ ಅಪೋಲೋ ಎಲ್ಲರ ಮುಖಕ್ಕೂ ಮಾದರಿಯಾಗಲಾರನು. ಮೂಗಿನ ತುದಿಯಿಂದ ಗಲ್ಲಕ್ಕೆ ಒಂದು ಗೆರೆ ಎಳೆದು ತುಟಿ ಅದರ ಹಿಂದಿರಬೇಕೆನ್ನುವ ಅಳತೆಯು ಬಿಳಿಯ ಜನರ ಮುಖಗಳಿಂದ ಬಂದದ್ದು. ಬೇರೆ ಜನಾಂಗಗಳಲ್ಲಿ ತುಟಿ ಇನ್ನಷ್ಟು ಮುಂದಿರುವುದೇ ಸಹಜ. ನಮ್ಮ ಕಾಳಿದಾಸನು ಮೇಘದೂತದ ಯಕ್ಷನ ಪತ್ನಿಯ ಹಲ್ಲುಗಳು ಮೊನಚಾಗಿದ್ದುವೆಂದು ಹೊಗಳಿದ್ದಾನೆ. ಜಪಾನಿನಲ್ಲಿ ಹಲ್ಲಿನ ಮೇಲೆ ಹಲ್ಲೇರಿದ ನಗೆಯನ್ನು ಮುದ್ದೆಂದು ಮೆಚ್ಚುವವರುಂಟು. ಚೆಲುವಿನ ಅಳತೆಗೋಲು ದೇಶಕ್ಕೊಂದು, ಕಾಲಕ್ಕೊಂದು.

ಹಾಗಾದರೆ ಈ ಚಿಕಿತ್ಸೆಯೇ ವ್ಯರ್ಥವೋ? ಅಲ್ಲ. ಮುಂದಕ್ಕೆ ಚಾಚಿದ ಹಲ್ಲುಗಳು ಬಿದ್ದಾಗ, ಆಟದಲ್ಲಿ ಪೆಟ್ಟು ತಗಲಿದಾಗ ಮುರಿಯುವ ಸಂಭವ ಹೆಚ್ಚು. ಒಂದರ ಮೇಲೊಂದು ಏರಿದ ಹಲ್ಲುಗಳನ್ನು ಶುಚಿಯಾಗಿಡುವುದು ಕಷ್ಟ. ಇನ್ನು ಮನಸ್ಸಿನ ವಿಷಯ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಶಾಲಾಮಕ್ಕಳ ಅಡ್ಡಹೆಸರುಗಳನ್ನು ಕುರಿತು 1980ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಎತ್ತರ, ತೂಕ, ಕೂದಲುಗಳ ಹಾಸ್ಯಕ್ಕಿಂತ ಹಲ್ಲಿನ ಹಾಸ್ಯವು ವಿರಳವಾದರೂ, ಅದರ ನೋವು ಹೆಚ್ಚೆಂದು ಕಂಡುಕೊಂಡಿತು. ಅದನ್ನೋದಿ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು.

ಅದೇ ಪ್ರಾಂತದ ಕಾರ್ಡಿಫ್ ನಗರದಲ್ಲಿ 1981ರಲ್ಲಿ, 11–12 ವರ್ಷದ ಸಾವಿರಕ್ಕೂ ಮೀರಿದ ಮಕ್ಕಳನ್ನು ಪರೀಕ್ಷಿಸಿ, 20 ವರ್ಷಗಳ ತರುವಾಯ ಅವರಲ್ಲಿ ದೊರೆತವರನ್ನು ಮತ್ತೆ ಕಂಡು ವಿಚಾರಿಸಿದರು. ಚಿಕಿತ್ಸೆ ಪಡೆದವರ ಹಲ್ಲಿನ ಸಾಲು ಚೆನ್ನಾಗಿತ್ತು. ಹಲ್ಲಿನ ಬಗ್ಗೆ ಅವರಿಗೆ ತೃಪ್ತಿಯೂ ಹೆಚ್ಚಿತ್ತು. ಆದರೆ ಅಗತ್ಯವಿದ್ದೂ ಚಿಕಿತ್ಸೆ ಪಡೆಯದವರು ಅದರಿಂದಾಗಿ ಮುಂದಿನ ಬಾಳಿನಲ್ಲಿ ಮನಸ್ಸಿನ ಕ್ಲೇಶಕ್ಕೆ ಗುರಿಯಾಗಿರಲಿಲ್ಲ. ಇವೆರಡನ್ನೂ ಕೂಡಿಸಿ ನೋಡಿದರೆ ನನಗೆ ಹೊಳೆಯುವುದು ಇಷ್ಟು: ನೆಟ್ಟಗಿನ ಹಲ್ಲು ನೆಟ್ಟಗಿನ ಹಲ್ಲನ್ನು ಕೊಡುತ್ತದೆ, ಬಾಳಿನ ಸುಖವನ್ನು ಕೊಡುವ ಹೊಣೆಯನ್ನು ಅದು ಹೊತ್ತಿಲ್ಲ. ಹಾಸ್ಯದ ನೋವಿಗೆ ತಂತಿಯನ್ನು ಹಲ್ಲಿಗೆ ಕಟ್ಟುವುದಕ್ಕಿಂತ ಮುಂಚೆ, ಹಾಸ್ಯ ಮಾಡುವವರ ನಾಲಗೆಗೆ ಹಿಡಿತ ಕಲಿಸಬೇಕು.

ಗೃಹಸ್ಥರಿಗೆ ಉಪಯೋಗವಾಗಲೆಂದು ಕೆಲವು ಮಾತು. ಮಕ್ಕಳನ್ನು 7ನೆಯ ವಯಸ್ಸಿನ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸುವುದು ಒಳ್ಳೆಯದು. ತೋರಿಸಿದ ಮಾತ್ರಕ್ಕೆ ತಂತಿ ಹಾಕಿಸಬೇಕೆಂದಿಲ್ಲ. ಹಾಲುಹಲ್ಲು ಹೇಗೂ ಬೀಳುವುದೆಂದು ಹುಳುಕನ್ನು ಅಲಕ್ಷಿಸಬಾರದು. ಹಲ್ಲಿಗೆ ‘ದ್ವಿಜ’ನೆಂಬ ಹೆಸರು ಎರಡು ಸಲ ಹುಟ್ಟುವುದರಿಂದ ಬಂದಿತು, ಮೊದಲ ಜನ್ಮದವನು ಅಕಾಲದಲ್ಲಿ ಹೋದರೆ ಎರಡನೆಯವನ ಸ್ಥಳಕ್ಕೆ ನೆರೆಯವರು ನುಗ್ಗುವರು. ಶಾಶ್ವತದಂತಗಳು ಮೂಡುವ ವಯಸ್ಸಿನಲ್ಲಿಯೂ ಬೆರಳು ಚೀಪುವ ಚಟವಿದ್ದರೆ ಹಲ್ಲು ಮುಂದಕ್ಕೆ ದೂಡಲ್ಪಡುತ್ತದೆ. ತಂತಿಯಿರುವಷ್ಟು ಕಾಲ ಹಲ್ಲುಜ್ಜುವುದರಲ್ಲಿ ಸೋಮಾರಿತನ ಕೂಡದು. ಕೂಡಿದರೆ ತಂತಿ ತೆಗೆದ ಮೇಲೆ ಬಿಳಿಯ ಕಲೆಗಳು ಉಳಿಯುವುವು. ತೆಗೆದ ಬಳಿಕವೂ ಹಲ್ಲುಗಳು ಹಳೆಯ ನೆಲೆಗೆ ಮರಳಲು ಹವಣಿಸುವುದರಿಂದ, ವೈದ್ಯರು ಕೊಡುವ ರಿಟೇನರನ್ನು ತಪ್ಪದೆ ಧರಿಸಬೇಕು. ಮೊಬೈಲಿನ ಚಿತ್ರಗಳನ್ನು ನೋಡಿ, ಹಲ್ಲಿನ ಸಂದು ಮುಚ್ಚಲು ಮನೆಯಲ್ಲಿಯೇ ರಬ್ಬರಿನ ಉಂಗುರ ಹಾಕಿಕೊಳ್ಳುವುದು ಮಹಾಪಾಯ. ಅದು ವಸಡಿನೊಳಗೆ ಜಾರಿ, ಎಲುಬನ್ನು ತಿಂದು, ಹಲ್ಲನ್ನೇ ಕಳೆಯಬಹುದು.

ಇನ್ನು ನನ್ನ ತೀರ್ಪು. ವೈದ್ಯರ ಕೋಣೆಯಲ್ಲಿ ನಾನು ಮೊದಲು ಹುಡುಗಿಯನ್ನೇ ಕೇಳಿದೆನು: “ನಿನಗೆ ಬೇಕೇನಮ್ಮ?” ಅವಳು ತುಸು ಯೋಚಿಸಿ, ವೈದ್ಯರನ್ನು, “ಹಾಕಿಸಿಕೊಂಡರೆ ನನ್ನ ಮುಖ ಬೇರೆಯವರ ಹಾಗೆ ಆಗಿಬಿಡುತ್ತದೆಯೇ?” ಎಂದು ಕೇಳಿದಳು. “ಇಲ್ಲ, ನಿನ್ನ ಹಾಗೆಯೇ ಇರುತ್ತದೆ, ತುಟಿ ಮುಚ್ಚುವುದು ಮಾತ್ರ ಸುಲಭವಾಗುತ್ತದೆ” ಎಂದರು ಅವರು. “ಹಾಗಾದರೆ ಬೇಕು” ಎಂದಳು. ಹಲ್ಲಿಗೆ ಪೆಟ್ಟು ಬೀಳುವ ಭಯವೂ ಇದ್ದುದರಿಂದ, ಖರ್ಚು ಶೋಕಿಯದಲ್ಲವೆಂದು ತಂದೆ ಒಪ್ಪಿದನು. ಹೆಣ್ಣು ನೋಡಲು ಬರುವವರ ಮಾತನ್ನು ಈ ಮನೆಯಲ್ಲಿ ಇನ್ನೆತ್ತಕೂಡದೆಂದು ತಾಯಿಗೆ ಆಜ್ಞೆಯಾಯಿತು. ತಂತಿ ಕಟ್ಟಿ ಈಗ 15 ದಿನ. ಮೊದಲ ನಾಲ್ಕು ದಿನ ನೋವೆಂದು ಗಂಜಿಯನ್ನೇ ಕುಡಿದಳು. ಈಗ ಮೆತ್ತನೆಯ ಅನ್ನ ತಿನ್ನುತ್ತಾಳೆ, ತಂತಿಯೊಡನೆಯೇ ಹಾಡುತ್ತಾಳೆ.

ನನ್ನ ಆ ಹಳೆಯ ಶಿಷ್ಯೆಯನ್ನು ಎರಡು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ಕಂಡೆನು. ಆಕೆ ಈಗ ತಾನೇ ಒಬ್ಬ ಉಪಾಧ್ಯಾಯಿನಿ, ಇಬ್ಬರು ಮಕ್ಕಳ ತಾಯಿ. ಹಲ್ಲುಗಳು ಅಂದಿದ್ದಂತೆಯೇ ಇವೆ. ಕೈ ಬಾಯಿಗೆ ಹೋಗುವುದಿಲ್ಲ. ನಮಸ್ಕರಿಸಿ, ಕುಶಲ ಕೇಳಿ, ನಗುನಗುತ್ತ, “ಮೇಷ್ಟ್ರೇ, ನೀವು ಕಲಿಸಿದ ಸಂಸ್ಕೃತವೆಲ್ಲ ಮರೆತುಹೋಗಿದೆ, ಒಂದು ಶಬ್ದ ಮಾತ್ರ ನೆನಪಿದೆ” ಎಂದಳು. ಆ ಶಬ್ದ ಯಾವುದೆಂದು ಆಕೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅಂದು ಕ್ಷಮೆ ಬೇಡಲು ನನಗೆ ಬಾಯಿ ಬರಲಿಲ್ಲ. ಈ ಮಾಸಪತ್ರಿಕೆಯು ಆಕೆಯ ಮನೆಗೂ ಬರುತ್ತದೆಂದು ಕೇಳಿದ್ದೇನೆ. ಆದುದರಿಂದ ಇಲ್ಲಿ ಬೇಡುತ್ತಿದ್ದೇನೆ.