ರನ್‌ವೇ ಇದೆ, ಬಸ್ಸಿಲ್ಲ

ತುಮಕೂರಿಗೂ ಒಂದು ವಿಮಾನ ನಿಲ್ದಾಣ ಬೇಕು ಎಂಬ ಕೂಗು ಆಗಾಗ ಏಳುತ್ತದೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆಂದು 2025ರಲ್ಲಿ ಸರ್ಕಾರ ತೋರಿಸಿದ ಮೂರು ಜಾಗಗಳಲ್ಲಿ ಒಂದು ನೆಲಮಂಗಲ-ಕುಣಿಗಲ್ ರಸ್ತೆಯದ್ದಾದ ಮೇಲಂತೂ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳಲ್ಲಿ ಇದೇ ಮಾತು. ಜಮೀನಿನ ಬೆಲೆ ಎಷ್ಟಕ್ಕೇರಬಹುದು ಎಂದು ಲೆಕ್ಕ ಹಾಕುವವರೇ ಹೆಚ್ಚು. ವಿಮಾನದಿಂದ ಇಳಿದವನು ಊರಿಗೆ ಹೇಗೆ ಹೋಗುತ್ತಾನೆ ಎಂದು ಕೇಳಿದವರನ್ನು ನಾವಿನ್ನೂ ಕಂಡಿಲ್ಲ.

ನಾವು ಕೇಳುತ್ತಿದ್ದೇವೆ. ಏಕೆಂದರೆ ಅನುಭವಿಸಿ ಬಂದಿದ್ದೇವೆ.

ಒಮ್ಮೆಯಾದರೂ ವಿಮಾನ ಹತ್ತಬೇಕೆಂಬುದು ಅಮ್ಮಿಯ ಆಸೆ. ಮಕ್ಕಳ ರಜೆಯಲ್ಲಿ ಮನೆಮಂದಿ ಐದು ಜನ ನಮ್ಮದೇ ರಾಜ್ಯದ ಒಂದು ಸಣ್ಣ ವಿಮಾನ ನಿಲ್ದಾಣಕ್ಕೆ ಹೊರಟೆವು. ಹೆಸರು ಹೇಳಿ ಒಂದೂರನ್ನು ದೂರುವ ಇಚ್ಛೆ ನಮಗಿಲ್ಲ. ನಸುಕಿನಲ್ಲೇ ಕ್ಯಾತ್ಸಂದ್ರ ಬಿಟ್ಟು, ಸುಮಾರು 80 ಕಿ.ಮೀ. ದೂರದ ದೇವನಹಳ್ಳಿ ಸೇರಿ, ಆಕಾಶದಲ್ಲಿದ್ದದ್ದು ಒಂದು ಗಂಟೆ. ಇಳಿದ ಕಟ್ಟಡ ಮದುವೆ ಮಂಟಪದಂತೆ ಹೊಳೆಯುತ್ತಿತ್ತು. ಅಮ್ಮಿಗೆ ಖುಷಿಯೋ ಖುಷಿ. ಗೇಟು ದಾಟಿದೆವು ನೋಡಿ, ಅಲ್ಲಿಗೆ ಸರ್ಕಾರ ಮುಗಿದಿತ್ತು. ಬಸ್ಸಿಲ್ಲ, ಆಟೋ ಇಲ್ಲ, ನಿಲ್ಲಲು ಒಂದು ಮರದ ನೆರಳೂ ಇಲ್ಲ. ಸ್ವಂತ ಕಾರಿನವರೆಲ್ಲ ಹತ್ತು ನಿಮಿಷದಲ್ಲಿ ಮಾಯವಾದರು. ಉಳಿದ ಟ್ಯಾಕ್ಸಿಯವನು ಊರೊಳಕ್ಕೆ ಕೇಳಿದ್ದು ನಮ್ಮ ಒಬ್ಬರ ಟಿಕೆಟಿನ ಅರ್ಧಕ್ಕಿಂತ ಹೆಚ್ಚು. ಅವನನ್ನೂ ಬೈಯಲಾರೆವು, ದಿನಕ್ಕೆ ಒಂದೆರಡು ವಿಮಾನ ನಂಬಿ ಕೂತವನು.

ಮರಳುವ ದಿನ ವಿಮಾನವೇ ರದ್ದು. ಕೌಂಟರಿನ ಹುಡುಗಿ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ವಿವರಿಸಿದಳು. ಉರ್ದು ಬಲ್ಲ ಅಮ್ಮಿಗೆ ಅರ್ಥವಾಯಿತು. ಪಕ್ಕದಲ್ಲಿದ್ದ ಧೋತರದ ಹಿರಿಯರಿಗೆ ಆಗಲಿಲ್ಲ. ಕರ್ನಾಟಕದ ನೆಲದಲ್ಲಿ ನಿಂತು ಅವರಿಗೆ ಕನ್ನಡದಲ್ಲಿ ಹೇಳಿದ್ದು ನಮ್ಮ ಅಮ್ಮಿ! ಕೊನೆಗೆ ರೈಲಿನಲ್ಲಿ ತುಮಕೂರಿಗೆ ಬಂದು, ಅಲ್ಲಿಂದ ಆಟೋದಲ್ಲಿ ಮನೆ ಸೇರಿದೆವು. ಕ್ಯಾತ್ಸಂದ್ರದಲ್ಲಿ ನಿಲ್ದಾಣವಿದ್ದರೂ ವೇಗದ ರೈಲುಗಳು ನಿಲ್ಲುವುದಿಲ್ಲವಲ್ಲ.

ಇದು ನಿಮ್ಮೊಬ್ಬರ ದುರದೃಷ್ಟ ಎನ್ನುವವರು ಸಿಎಜಿ 2023ರಲ್ಲಿ ಕೊಟ್ಟ ವರದಿ ಓದಲಿ. ಸಾಮಾನ್ಯನೂ ಹಾರಲಿ ಎಂದು 2016ರಲ್ಲಿ ಘೋಷಿಸಿದ ಉಡಾನ್ ಯೋಜನೆಯಲ್ಲಿ, ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅವುಗಳಲ್ಲಿ 403ರಲ್ಲಿ ವಿಮಾನ ಹಾರಲೇ ಇಲ್ಲ. ಹಾರಿದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದ್ದು 112. ಅವಧಿ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದುಕೊಂಡದ್ದು ಬರೀ 54.

ಶಿವಮೊಗ್ಗವನ್ನೇ ನೋಡಿ. ಸೋಗಾನೆಯಲ್ಲಿ ಸುಮಾರು 450 ಕೋಟಿ ರೂ. ಖರ್ಚಿನಲ್ಲಿ, 3.2 ಕಿ.ಮೀ. ರನ್‌ವೇಯೊಂದಿಗೆ ಕಟ್ಟಿ, ಕುವೆಂಪು ಹೆಸರಿಟ್ಟು, 2023ರ ಫೆಬ್ರವರಿ 27ರಂದು ಪ್ರಧಾನಿಯಿಂದ ಉದ್ಘಾಟಿಸಿದರು. ಪ್ರಯಾಣಿಕರ ವಿಮಾನ ಬಂದದ್ದು ಆಗಸ್ಟ್ 31ಕ್ಕೆ. ಆರು ತಿಂಗಳು ನಿಲ್ದಾಣ ಸುಮ್ಮನೆ ಕಾದಿತ್ತು. ಮೊದಲ ವರ್ಷಗಳಲ್ಲಿ ಮಂದ ಬೆಳಕಿನಲ್ಲಿ ವಿಮಾನ ಇಳಿಸುವ ಉಪಕರಣಗಳು ಸಾಲದೆ, ಮೋಡ ಕವಿದರೆ, ಮಂಜು ಬಿದ್ದರೆ ವಿಮಾನ ಬೇರೆಡೆಗೆ ತಿರುಗುತ್ತಿತ್ತು, ಇಲ್ಲವೇ ರದ್ದಾಗುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಜೋಗದ ಸೊಬಗು ಮಳೆಗಾಲಕ್ಕೇ ಸೀಮಿತ. ಜಲಪಾತ ತುಂಬುವ ಕಾಲದಲ್ಲೇ ಮೋಡ ತುಂಬುವ ಮಲೆನಾಡಿಗೆ ಯೋಜನೆ ಮಾಡಿದವರು ಇದನ್ನು ಯೋಚಿಸಬೇಡವೇ? ಅಂದಹಾಗೆ ನಮ್ಮೂರಿನವರು ಶಿವಮೊಗ್ಗಕ್ಕೆ ಹಾರಬೇಕೆಂದರೆ ಮೊದಲು ದೇವನಹಳ್ಳಿಗೆ ಹಿಂದಕ್ಕೆ ಹೋಗಬೇಕು. ಅಷ್ಟರಲ್ಲಿ ತುಮಕೂರಿನಲ್ಲಿ ಹತ್ತಿದ ರೈಲು ಅರಸೀಕೆರೆ ದಾಟಿರುತ್ತದೆ.

ಹಾಗಾದರೆ ಸಣ್ಣ ಊರಿನವರು ಹಾರಬಾರದೇ? ಹಾರಲಿ. ರೋಗಿಗಳಿಗೆ, ದೂರದ ಬೀದರ್ ಕಲಬುರಗಿಯವರಿಗೆ ವಿಮಾನ ಬೇಕೇ ಬೇಕು. ನಮ್ಮ ತಕರಾರು ರನ್‌ವೇಗೆ ಕೋಟಿ ಸುರಿದು, ಗೇಟಿನಾಚೆಗೆ ಒಂದು ಬಸ್ಸನ್ನೂ ಕೊಡದ ಜಂಬದ ಬಗ್ಗೆ.

ಝಕಾತಿನ ಎಂಟು ಹಕ್ಕುದಾರರಲ್ಲಿ ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನೂ ಒಬ್ಬ. ಊರಲ್ಲಿ ಅವನು ಸಾಹುಕಾರನೇ ಇರಬಹುದು, ದಾರಿಯಲ್ಲಿ ಅಸಹಾಯಕ. ನಮ್ಮ ಪಕ್ಕದ ಸಿದ್ಧಗಂಗಾ ಮಠದಲ್ಲಿ ಹಸಿದು ಬಂದವನಿಗೆ ಯಾರು ಎಂದು ಕೇಳದೆ ಎಲೆ ಹಾಕುತ್ತಾರೆ. ಇಂಥ ಊರಿನಿಂದ ಹೋದವರಿಗೆ, ಸೂಟ್‌ಕೇಸಿನ ಮೇಲೆ ಕೂತ ಮುದುಕಿಯನ್ನು ನೋಡಿಯೂ ನೋಡದಂತೆ ಹೋಗುವ ಆ ಗಾಜಿನ ಕಟ್ಟಡ ಹೇಗೆ ರುಚಿಸೀತು?

ತುಮಕೂರಿನ ವಿಮಾನ ನಿಲ್ದಾಣಕ್ಕೆ ಸಹಿ ಕೇಳಿಕೊಂಡು ಯಾರಾದರೂ ಬಂದರೆ ನಾವು ಬೇಡವೆನ್ನುವುದಿಲ್ಲ. ಆದರೆ ಅದೇ ಕಾಗದದ ಮೇಲುಗಡೆ, ಕ್ಯಾತ್ಸಂದ್ರದಲ್ಲಿ ಒಂದು ವೇಗದ ರೈಲು ಎರಡು ನಿಮಿಷ ನಿಲ್ಲಲಿ ಎಂದು ಬರೆದು ತನ್ನಿ.